ಪ್ರದೇಶ: ಮಧ್ಯಮ

ಬ್ಯಾಂಕಿನಿಂದ ಬಂದ ಹುಡುಗ
ಟೇಪು ಹಿಡಿದು ಅಡುಗೆಮನೆ ಅಳೆದ,
ಬಾಲ್ಕನಿಗೆ ಹೋಗಿ ಕರ್ಚೀಫು ಮೂಗಿಗಿಟ್ಟ.
ಕೆಳಗೆ ಮಂಡಿಯ ಹಿಂಬದಿ, ಕೊಳೆತ ಟೊಮೆಟೊ ಗುಡ್ಡೆ,
ಎರಡು ಹಸು, ಕೆಟ್ಟು ನಿಂತ ಜೆಸಿಬಿ.
ಕಾಗದದಲ್ಲೊಂದು ಖಾನೆ: ಪ್ರದೇಶದ ಸ್ವರೂಪ.
ಉತ್ತಮ, ಮಧ್ಯಮ, ಕನಿಷ್ಠ.
ಪೆನ್ನು ಕನಿಷ್ಠದ ಮೇಲೆ ಒಂದಿಷ್ಟು ತೂಗಾಡಿ
ನನ್ನ ಮುಖ ನೋಡಿ
ಮಧ್ಯಮಕ್ಕೆ ಟಿಕ್ಕು ಹಾಕಿತು.

ಹದಿನೆಂಟು ವರ್ಷದ ಸಾಲಕ್ಕೆ ಅಷ್ಟು ಸಾಕು.

ಹುಣಸೆದಿನ್ನೆ ಅಂದರೆ ಕೋಲಾರದಲ್ಲಿ
ಮಾತು ಅರ್ಧಕ್ಕೇ ನಿಲ್ಲುತ್ತದೆ.
ಆಟೋದವನು "ಅಕ್ಕಡಾ?" ಅಂತಾನೆ,
ಒಂಬತ್ತರ ಮೇಲೆ ಡಬಲ್ಲು,
ಹತ್ತರ ಮೇಲೆ ಅವನ ಹೆಂಡತಿಗೆ ಜ್ವರ.
ಅಕ್ಕ ಫೋನಿನಲ್ಲಿ, ತಗ್ಗಿದ ದನಿಯಲ್ಲಿ,
"ಒಂಟಿ ಹೆಂಗಸು ಕಣೇ ನೀನು."
ಭಾವನಿಗೆ ಕೇಳಿಸಲಿ ಎನ್ನುವಷ್ಟೇ ತಗ್ಗಿದ ದನಿ.
ಭಾವ ಹಿಂದಿನಿಂದ, "ಅದೇ ದುಡ್ಡಿಗೆ ನರಸಾಪುರದ ಕಡೆ ಸೈಟು..."
ಸೈಟಿನಲ್ಲಿ ಮಲಗೋದು ಹೇಗೆ ಭಾವ,
ನಾಲ್ಕು ಕಲ್ಲಿಗೆ ಸುಣ್ಣ ಬಳಿದು?

ಬ್ರೋಕರ್ ಪಿಳ್ಳರೆಡ್ಡಿ ಮಾತ್ರ ಸುಳ್ಳಾಡಲಿಲ್ಲ.
"ಏರಿಯಾ ಒಂಚೂರು ಅಂಗೈತೆ ಮೇಡಂ,
ಅದಕ್ಕೇ ರೇಟು ಇಂಗೈತೆ."
ಅಂಗೆ ಇಂಗೆಗಳ ನಡುವೆ
ನನಗೆ ಎಂಟು ಲಕ್ಷ ಉಳಿಯಿತು.

ಇವರ್ಯಾರಿಗೂ ನಾನು ಹೇಳಲಿಲ್ಲ,
ಹುಣಸೆದಿನ್ನೆ ನನಗೆ ಹೊಸದಲ್ಲ.
ಇಪ್ಪತ್ತೊಂದು ವರ್ಷ ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿ,
ಹೆಚ್ಚಾಗಿ ರಾತ್ರಿ ಪಾಳಿ.
ಇಡೀ ಬಡಾವಣೆ ಒಬ್ಬೊಬ್ಬರಾಗಿ
ನನ್ನ ಮೇಜಿನ ಮೇಲೆ ಮಲಗಿ ಎದ್ದುಹೋಗಿದೆ.
ಬೀದಿಗಳು ಗೊತ್ತಿರಲಿಲ್ಲ, ತಲೆಗಳು ಗೊತ್ತಿದ್ದವು:
ಸೋಡಾ ಬಾಟಲಿಗೆ ಏಳು ಹೊಲಿಗೆ,
ಕುಡಿದು ಮೆಟ್ಟಿಲು ಜಾರಿದ್ದಕ್ಕೆ ಮೂರು,
"ಬಾಗಿಲು ತಗುಲಿತು ಸಿಸ್ಟರ್" ಎಂದ ಹುಬ್ಬುಗಳಿಗೆ
ಎಷ್ಟೋ, ಲೆಕ್ಕ ಇಟ್ಟಿಲ್ಲ.
ಬಾಗಿಲುಗಳೇ ಕೆಟ್ಟ ಜಾಗ ಎಂದುಕೊಂಡಿದ್ದೆ.
ಅದೇ ಬಾಗಿಲು ಉತ್ತಮ ಪ್ರದೇಶಗಳಿಂದಲೂ ಬರುತ್ತಿತ್ತು,
ಕಾರಿನಲ್ಲಿ, ಗಂಡನೇ ಕೈಹಿಡಿದು ಇಳಿಸಿ.

ರಿಜಿಸ್ಟ್ರೇಷನ್ ದಿನ ಯಂತ್ರ ನನ್ನ ಹೆಬ್ಬೆಟ್ಟು ಒಪ್ಪಲಿಲ್ಲ.
ಸ್ಪಿರಿಟ್ಟು, ಸೋಪು, ಗ್ಲೌಸು.
"ಗೆರೆ ಸವೆದೋಗವೆ," ಅಂದ ಗುಮಾಸ್ತ.
ಕೊನೆಗೆ ಎಡಗೈ ಕಿರುಬೆರಳು
ನಾನು ನಾನೇ ಎಂದು ಸಾಕ್ಷಿ ಹೇಳಿತು.

ಲಿಫ್ಟಿನ ಜಾಗದಲ್ಲಿ ಲಿಫ್ಟಿನ ಗುಂಡಿ ಇದೆ.
ಫ್ರಿಜ್ಜು ಹೊತ್ತು ಮೇಲೆ ತಂದವನು ಬಗ್ಗಿದಾಗ ಕಂಡೆ,
ಎಡಗಿವಿಯ ಮೇಲೆ ಕೂದಲು ಬಾರದ ಗೆರೆ.
ನನ್ನದೇ ಕೈ. ಮೂರನೆಯ ಹೊಲಿಗೆ ಓರೆ,
ಆ ರಾತ್ರಿ ಕರೆಂಟು ಹೋಗಿತ್ತು.
ಅವನಿಗೆ ನನ್ನ ಗುರುತಿಲ್ಲ.
ಮುನ್ನೂರು ಕೇಳಿದ, ಕೊಟ್ಟೆ.
ವಾರದೊಳಗೆ ಸ್ಕೂಟರಿನ ಪೆಟ್ರೋಲು ಮಾಯ.
ಅವನೇ ಅಂತ ಅಲ್ಲ. ಅವನಲ್ಲ ಅಂತಲೂ ಅಲ್ಲ.
ಎದುರುಮನೆಯ ತಸ್ಲೀಮಾ ಬಟ್ಟೆ ಹಿಂಡುತ್ತ ಸಮಾಧಾನ ಹೇಳಿದಳು,
"ಹೊಸಬರದು ಒಂದ್ಸಲ ಹೋಗ್ತದೆ ಆಪಾ, ಆಮೇಲೆ ಹೋಗಲ್ಲ."

ನಿನ್ನೆ ನನಗೆ ರಜೆ. ರಾತ್ರಿ ಎರಡೂವರೆಗೆ ಬಾಗಿಲು ಬಡಿಯಿತು.
ಗ್ರಿಲ್ಲು, ಎರಡು ಚಿಲಕ, ಅಕ್ಕ ಕೊಡಿಸಿದ ಬೀಗ,
ಒಂದೊಂದೇ ತೆಗೆಯುವಷ್ಟರಲ್ಲಿ
ಹೊರಗೆ ನಿಂತವಳು ಎರಡು ಸಲ "ಪರವಾಗಿಲ್ಲ ಬಿಡಿ" ಅಂದಳು.
ಮೂರನೇ ಮಹಡಿಯವಳು.
ಸೆರಗು ಹಣೆಗೆ ಒತ್ತಿ ಹಿಡಿದಿದ್ದಳು.
"ಬಾಗಿಲು..." ಎಂದು ಶುರು ಮಾಡಿದಳು.
ಯಾವ ಬಾಗಿಲೆಂದು ನಾನು ಕೇಳಲಿಲ್ಲ,
ಅವಳನ್ನು ಒಳಗೆ ಬಿಟ್ಟು ನನ್ನದನ್ನು ಹಾಕಿದೆ.
ಮನೆಯಲ್ಲಿ ಹೊಲಿಗೆ ದಾರ ಇರಲಿಲ್ಲ,
ಅಂಚು ಕೂಡಿಸಿ ಪಟ್ಟಿ ಅಂಟಿಸಿದೆ,
ಹಾಲು ಕಾಯಿಸಿ ಸಕ್ಕರೆ ಹಾಕೋದು ಮರೆತೆ.

ನಾಲ್ಕಕ್ಕೆ ಮಂಡಿಗೆ ಲಾರಿಗಳು ಬಂದವು,
ಕ್ರೇಟು ಕ್ರೇಟಿಗೆ ತಾಗುವ ಸದ್ದು.
ಪ್ಲಾಸ್ಟಿಕ್ಕು ಇನ್ನೂ ಬಿಚ್ಚದ ಹಾಸಿಗೆಯ ಮೇಲೆ ಮಲಗಿದ್ದಳು,
ಹೊರಳಿದಾಗಲೆಲ್ಲ ಚರಚರ ಅನ್ನುತ್ತಿತ್ತು.
ಆರಕ್ಕೆ ನನ್ನ ಫೋನು ಟಿಂಗೆಂದಿತು: ಮೊದಲ ಕಂತು ಕಡಿತ.
ಬೆಚ್ಚಿ ಎದ್ದು ಕೂತಳು.
"ಏನಿಲ್ಲ, ಬ್ಯಾಂಕು," ಅಂದೆ. "ಮಲಗಿಕೋ."