ನಲವತ್ತೊಂದು ಟಾಕಾ

ಹೋದ ವರ್ಷ ಯಾವುದೋ ಸಿನಿಮಾಕ್ಕ
ಖುಷಿ ತಡೀಲಾರದ ಯಾರೋ ತೆಂಗಿನಕಾಯಿ ಒಗದಿದ್ದರು.
ಮೊಳದುದ್ದ ಹರೀತು ಪರದಾ.
ಹೊಸಾದು ತರಿಸಲಿಕ್ಕ ಮಾಲಕರ ಹತ್ರ ರೊಕ್ಕ ಇದ್ದಿಲ್ಲ,
ನಮ್ಮ ಅಬ್ಬಾನ ಹತ್ರ ದಾರ ಇತ್ತು.

ಏಣಿ ಹತ್ತಿ, ತೊಗರಿ ಚೀಲ ಹೊಲಿಯೋ ದಬ್ಬಣ ಹಿಡದು
ಮುಂದಿನಿಂದ ಅವ ಚುಚ್ಚತಿದ್ದ,
ಹಿಂದ ಕತ್ತಲದಾಗ ನಿಂತು ನಾನು ತಿರುಗಿ ಕೊಡತಿದ್ದೆ.
ನಲವತ್ತೊಂದು ಟಾಕಾ.
ಅಬ್ಬಾ ನಲವತ್ತು ಅಂತಾನ.

ಈಗ ಶಹಾಬಾದಿಗಿ ಈ ಸಿನಿಮಾ ಬಂದದ.
ಹುಡುಗಿ ಮುನ್ನೂರು ವರ್ಷ ಮುಂದಿನಾಕಿ,
ಹುಡುಗ ಈಗಿನವ.
ಒಂದ್ ಸಲ ಅಕಿನ್ನ ಮುಟ್ಟಿದರ
ಅವನ ನೆನಪಿನಾಗಿನ ಒಂದು ದಿನ ಅಳಿಸಿ ಹೋಗತದ.
ನಡುನಡುವ ಹಾರೋ ಗಾಡಿ, ನೀಲಿ ಬೆಂಕಿ,
ಕಬ್ಬಿಣದ ಕೈಯವರ ಕೂಡ ಬಡಿದಾಟ.

ಬೂದಿ ಬಣ್ಣದ ಗ್ರಹ ಕಾಣಿಸಿದ್ದೇ ತಡ
ಪರ್ಸಿ ಗಣಿ ಸೈಬಣ್ಣ ಎದ್ದು ನಿಂತ:
‘ಏ, ಇದು ನಮ್ಮ ಮಡ್ಡಿನೇ ಅದಲೋ!
ರಾಯಲ್ಟಿ ಯಾರಿಗಿ ಕಟ್ಟ್ಯಾರ ಕೇಳು!’
ಹುಡುಗಿ ಗೋಡಿ ಹತ್ತಿ ಹಾರಿದಾಗ
ಬಾಲ್ಕನಿಯಿಂದ ಅಂಬವ್ವನ ದನಿ:
‘ಒಂಬತ್ತು ಮೊಳದ ಸೀರಿ ಉಟ್ಟು ಹಾರಂತ ಹೇಳು ನೋಡೂನು.’
ಇಂಟರ್‌ವಲ್‌ದಾಗ ಮೂತ್ರಖಾನಿ ಸಾಲಿನಾಗ
ಫಿಸಿಕ್ಸ್ ಮೇಷ್ಟ್ರು ಪಕ್ಕದವಗ ಹೇಳಲಿಕ್ಕತ್ತಿದ್ದರು,
ಕಾಲ ಹಿಂದಕ ಹರಿಯಂಗಿಲ್ಲ ಅಂತ.
ಅವ ಅಂದ: ‘ಸರ, ನೀವು ಮುಂದಕ ಹರೀರಿ, ಸಾಲು ನಿಂತದ.’

ಒಂದು ನಾನು ಎಂದೂ ಕೇಳಿರಲಿಲ್ಲ.
ಬೇರೆ ಸಿನಿಮಾದಾಗ ಇಬ್ಬರು ಸಮೀಪ ಬಂದರ ಸಾಕು,
ಸಿಳ್ಳಿ, ‘ಹ್ಞೂಂ ಆಗಲಿ, ಆಗಲಿ’ ಅನ್ನೋ ಅದೇ ಬಾಯಿಗಳು
ಈಗ ಕುರ್ಚಿ ಗುದ್ದಿ ಒದರತಿದ್ದವು:
‘ಮುಟ್ಟಬ್ಯಾಡೋ! ಏ, ಮುಟ್ಟಬ್ಯಾಡ!’
ರೇಷನ್ ಅಂಗಡಿ ಗುರಣ್ಣ ಬೆರಳ ಗೆರಿ ಎಣಿಸತಿದ್ದ:
‘ಹದಿನೇಳು ದಿನ ಹೋದವು. ಇನ್ನ ಅವರ ಮೊದಲನೇ ಭೇಟಿ
ಒಂದೇ ಉಳದದ.’
ಯಾರೂ ನಗಲಿಲ್ಲ.

ನಮ್ಮ ಟಾಕಾ ಎಲ್ಲೆಲ್ಲಿ ಬಿತ್ತು!
ಹುಡುಗನ ಗದ್ದಕ್ಕ, ಚಂದ್ರನ ಹೊಟ್ಟಿಗಿ, ಅಕಿನ ಹೆಗಲಿಗಿ.
ಕೇಡಿ ಮೋರಿ ತುಂಬ ಬಂದಾಗ ಗಲ್ಲದ ಮ್ಯಾಲ ಸರೀ ಕುಂತಿತು,
ಮುಂದಿನ ಸಾಲು ಚಪ್ಪಾಳಿ ಹೊಡೀತು.
ಆಮ್ಯಾಲ ಆಕಾಶ ಸೀಳಿ ಕಾಲದ ಬಾಗಿಲ ತೆರೀತು,
ತೆರೆದದ್ದು ಖರೇ ಅಲ್ಲೇ,
ಹೊಲಿಗಿ ಇದ್ದಲ್ಲೇ.
‘ಲಾಡ್ಲೇಸಾಬ! ನಿನ್ನ ಟಾಕಾ ಬಿಚ್ಚ್ಯದ ನೋಡೋ!’
ಇಡೀ ಟಾಕೀಜ್ ಬಿದ್ದು ಬಿದ್ದು ನಕ್ಕಿತು.
ಅಬ್ಬಾ ನಗಲಿಲ್ಲ.
ಅರ್ಧ ಎದ್ದು, ಕಣ್ಣು ಕಿರಿದು ಮಾಡಿ ನೋಡಿ,
ಮತ್ತ ಕುಂತ.

ಕಡೀಕ ಹುಡುಗಿ ‘ನಾ ಯಾರು ಹೇಳು’ ಅಂತ ಕೇಳಿದಳು.
ಅವ ನೋಡಿದ.
ಫ್ಯಾನ್ ತಿರಗೋ ಸದ್ದು ಅಷ್ಟೇ.
ಎಲ್ಲೋ ಒಂದು ಕೂಸು ಅತ್ತರ ಅದರ ತಾಯಿ
ಸೆರಗಿನಾಗ ಬಾಯಿ ಮುಚ್ಚಿದಳು, ಕೂಸಿಂದೋ ತಂದೋ ಗೊತ್ತಾಗಲಿಲ್ಲ.
ಬೆಳಕಿನ ಬಾಗಿಲ ಸಣ್ಣಾಗತ, ಸಣ್ಣಾಗತ ಬಂದು
ಟಾಕಾದ ತೂತಿನಾಗ ಇಂಗಿತು.

ಹೊರಗ ಮಿರ್ಚಿ ಬಂಡಿ ಸುತ್ತ ಜಗಳ.
‘ರೊಕ್ಕ ನೀರಾಗ ಹೋತು.’ ‘ನಾಳಿ ಮತ್ತ ಬರತೀನಿ.’
‘ಬಡಿದಾಟ ಛಲೋ, ಪ್ರೀತಿ ಉದ್ದ.’ ‘ನಿನಗ ಪ್ರೀತಿ ಏನ್ ಗೊತ್ತೋ, ಲಗ್ನ ಆದವ?’
ಸೈಬಣ್ಣ ಮಾತ್ರ ಬಿಸಿ ಮಿರ್ಚಿ ಕೈಯಾಗ ಹಿಡದು
ತಿನ್ನೋದು ಮರೆತು ನಿಂತಿದ್ದ.

ಮನಿಗಿ ಬಂದಾಗ ಅಮ್ಮಿ ರೊಟ್ಟಿ ಮುರಿದು ಹಾಕತ ಕೇಳಿದಳು:
‘ಹುಡುಗಿ ಹೋದಳೋ, ಉಳದಳೋ?’
‘ಹೋದಳು’ ಅಂದೆ ನಾನು.
‘ಹೆಂಗ ಹೋಗತಾಳ?’ ಅಂದ ಅಬ್ಬಾ, ಕೈ ತೊಳಕೋತ.
‘ನಲವತ್ತು ಟಾಕಾ ಹಾಕೀನಿ.’

ನಲವತ್ತೊಂದು, ಅನ್ನಬೇಕಂತಿದ್ದೆ.
ಉಪ್ಪು ದಾಟಿಸಿದೆ.