ಎರಡೇ ಸೀಟು

ಫಿಂಟನ್‌ನ ಅಂಗಳದಲ್ಲಿ ಎರಡು ಕಾರು,
ಎರಡಕ್ಕೂ ಬಟ್ಟೆಯ ಸೂರು, ಎರಡಕ್ಕೂ ಎರಡೇ ಸೀಟು,
ಬೆಲೆಯೂ ಒಂದೇ: ಮೂರು ಸಾವಿರದ ಎಂಟುನೂರು ಯೂರೋ.
ಡೊನೆಗಲ್‌ನಲ್ಲಿ ಸೂರು ತೆಗೆಯುವ ಕಾರು ಕೊಳ್ಳುವವರು
ಒಂದೋ ದೇವರನ್ನು ನಂಬಿರಬೇಕು, ಇಲ್ಲವೇ ನೆಗಡಿಯನ್ನು,
ಅಂದ ಫಿಂಟನ್. ಅಸಂಪ್ಟಾ ನಗಲಿಲ್ಲ.
ಕೈಚೀಲ ಬಿಗಿಹಿಡಿದು ನನ್ನತ್ತ ತಿರುಗಿ
"ಕೆಳಗೆ ನುಗ್ಗು, ನೋಡು" ಅಂದಳು.

ನುಗ್ಗಿದೆ.
ಬೆನ್ನಡಿಗೆ ಒದ್ದೆ ಜಲ್ಲಿ, ಬಾಯಲ್ಲಿ ಟಾರ್ಚು.
ಮೊದಲು ಕೆಂಪು ಮಜ್ದಾ.
ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಬಡಿದೆ:
ಟಣ್. ಆ ಬದಿ: ಟಣ್.
ಜಪಾನಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ
ಪಿಂಗಾಣಿ ಬಟ್ಟಲಿನಂತೆ ಒರೆಸಿಟ್ಟಿದ್ದಾನೆ ಇದನ್ನು.
ಸ್ವಿಚ್ಚು ಒತ್ತಿದರೆ ದೀಪಗಳೆರಡೂ ಮೇಲೇಳುತ್ತವೆ
ಕೆಸರಿನಿಂದೆದ್ದ ಕಪ್ಪೆಯ ಕಣ್ಣು,
ಎಡಗಣ್ಣು ಅರೆಗಳಿಗೆ ತಡ.

ಆಮೇಲೆ ಹಸಿರು ಎಂಜಿ.
ಬಡಿದೆ. ಟಣ್ ಅನ್ನಲಿಲ್ಲ,
ಬ್ರೆಡ್ಡಿಗೆ ಚುಚ್ಚಿದ ಹಾಗೆ ಒಳಗಿಳಿಯಿತು.
ಎಣ್ಣೆಯ ಮುಚ್ಚಳ ತಿರುಪಿದರೆ ಬೆಳ್ಳಗೆ ಕೆನೆ:
ಕೂಡಬಾರದ ನೀರೂ ಎಣ್ಣೆಯೂ ಕೂಡಿಕೊಂಡಿವೆ.
ಹೆಡ್ ಗ್ಯಾಸ್ಕೆಟ್ಟಿಗೆ ಇಂದೋ ನಾಳೆಯೋ.
ಸೂರಿನ ಹರಕಿಗೆ ಯಾವನೋ ಬೆಸ್ತ ಹಾಕಿದ ನೀಲಿ ಹೊಲಿಗೆ,
ಸೀಟಿನ ಸಂದಿಯಲ್ಲಿ ಮರಳು, ಮಗುವೊಂದರ ಕೂದಲ ಕ್ಲಿಪ್ಪು,
ಹಕ್ಕಿಯ ಚಿತ್ರದ ಹಳೆಯ ಪೆನ್ನಿ, ಯಾರೂ ಈಗ ತೆಗೆದುಕೊಳ್ಳದ್ದು.

ಎದ್ದು ಬಂದು ಹೇಳಿದೆ: ಕೆಂಪು.
ಯೋಚಿಸುವುದು ಏನೂ ಇಲ್ಲ. ಕೆಂಪು.
ಅಷ್ಟರಲ್ಲಿ ಅವಳು ಹಸಿರರೊಳಗೆ ಕೂತಾಗಿತ್ತು.

ಇದನ್ನು ಮೊದಲೇ ಹೇಳಬೇಕಿತ್ತು:
ಇಪ್ಪತ್ತೆಂಟು ವರ್ಷ ಅವಳು ಓಡಿಸಿದ್ದು ಶಾಲೆಯ ಬಸ್ಸು,
ಅರ್ಡಾರಾದಿಂದ ಗ್ಲೆಂಟೀಸ್, ಸಂಜೆ ವಾಪಸ್ಸು.
ಐವತ್ಮೂರು ಸೀಟು. ಮೂರನೆಯ ಸಾಲಿನಲ್ಲಿ ನಾನು,
ತಿರುವು ಬಂದರೆ ಹೊಟ್ಟೆ ತೊಳಸುವ ಹುಡುಗ.
ನನಗೆಂದೇ ಬಿಸ್ಕತ್ತಿನ ಡಬ್ಬಿಯೊಂದು ಇಟ್ಟಿದ್ದಳು,
ಯಾರಿಗೂ ಹೇಳಿರಲಿಲ್ಲ.
ಮೇಲೆ ಆ ಅಗಲ ಕನ್ನಡಿ, ಅದರಲ್ಲಿ ಅವಳ ಕಣ್ಣು
ಎಣಿಸುತ್ತಲೇ ಇರುತ್ತಿತ್ತು:
ಸಿಗರೇಟು ಹಚ್ಚುವವರನ್ನು, ಸದ್ದಿಲ್ಲದೆ ಅಳುವವರನ್ನು,
ಇಳಿಯಬೇಕಾದಲ್ಲಿ ಇಳಿಯಲು ಹೆದರುವವರನ್ನು.
ಜೂನ್‌ನಲ್ಲಿ ಕೀಲಿಕೈ ಒಪ್ಪಿಸಿದಳು.
ಈಗಲೂ ಚಹಾ ಸೋಸುವಾಗ ತಲೆಯೆತ್ತಿ
ಎಡಕ್ಕೆ ನೋಡುತ್ತಾಳಂತೆ, ಗೋಡೆಯನ್ನು.

ನೋಡಿದಳು ಈಗಲೂ.
ಅಂಗೈಯಗಲದ ಕನ್ನಡಿ. ಹಿಂದಿನ ಪ್ಲಾಸ್ಟಿಕ್ ಕಿಟಕಿ
ಹಳದಿಗಟ್ಟಿ, ಮಬ್ಬುಗಟ್ಟಿ, ಸೋಪಿನ ನೀರು.
"ಹಿಂದೆ ಯಾರೂ ಕಾಣಿಸುವುದಿಲ್ಲ."
ಬದಲಾಯಿಸಬಹುದು, ಅಂದೆ, ನೂರು ಯೂರೋ.
"ಬೇಡ" ಅಂದಳು, ಥಟ್ಟನೆ,
ಯಾರೋ ಕಸಿದುಕೊಳ್ಳಲು ಬಂದ ಹಾಗೆ.

ಕೆಂಪರ ಹೊಗಳಿಕೆ ಇನ್ನೂ ನನ್ನ ಬಾಯಲ್ಲಿತ್ತು,
ಅವಳು ಚೌಕಾಸಿಗೆ ಇಳಿದಿದ್ದಳು.
ನಾನು ಪತ್ತೆಹಚ್ಚಿದ ಒಂದೊಂದು ತುಕ್ಕನ್ನೂ
ಫಿಂಟನ್‌ನ ಮುಂದೆ ಎಣಿಸಿ ಎಣಿಸಿ
ಎರಡು ಸಾವಿರದ ನೂರಕ್ಕೆ ಇಳಿಸಿದಳು.
"ಕೆಟ್ಟರೆ ನೀನಿದ್ದೀಯಲ್ಲ, ಕಾಹಲ್."

ಕೊಕ್ಕೆ ಬಿಚ್ಚಿ ಸೂರು ಮಡಚಿ ಹೊರಟೆವು,
ಮೋಡ ಮೂಗಿನ ಮೇಲೇ ಇತ್ತು.
ಕನ್ನಡಿಯಲ್ಲೀಗ ಬರೀ ರಸ್ತೆ, ಹಿಂದಕ್ಕೆ ಓಡುವ ಕುರಿ.
ಅವಳು ನೋಡಲಿಲ್ಲ.
ತಾಪದ ಮುಳ್ಳು ಮೆಲ್ಲಗೆ ಏರುತ್ತಿದ್ದುದನ್ನು
ನಾನು ಹೇಳಲಿಲ್ಲ.
ಮೂರನೆಯ ತಿರುವಿಗೆ ಹೊಟ್ಟೆಯೊಳಗೆ ಅದೇ ಹಳೆಯ ಅಲೆ.
ಉಸಿರು ಬಿಗಿಹಿಡಿದು ಕೂತೆ, ಮೂವತ್ತೈದು ವರ್ಷದ ಗಂಡಸು.
ರಸ್ತೆಯಿಂದ ಕಣ್ಣು ಕೀಳದೆ ಅವಳು ಕೇಳಿದಳು:
"ನಿಲ್ಲಿಸಲಾ?"