ನಾಲ್ಕರಿಂದ ಶುರುವಾಗುವ ಟೇಪು

ಚಿಂತಾಮಣಿಯ ಚೇಳೂರು ರಸ್ತೆಯ ಗುಜರಿಗೆ
ಬೆಳಿಗ್ಗೆಯೇ ಹೋಗಬೇಕು,
ಟೊಮೆಟೊ ಲಾರಿಗಳು ಹೊರಟ ಮೇಲೆ,
ತಗಡು ಕಾಯುವ ಮೊದಲು.
ಮುರಿದ ಫ್ಯಾನು, ಸೈಕಲ್ ಚೈನು, ಸ್ಟೋವಿನ ಬರ್ನರು ದಾಟಿದರೆ
ಮೂಲೆಯಲ್ಲಿ ನನ್ನ ಸಾಮಾನು.
ನನ್ನದು ಅಂದರೆ, ಸತ್ತವರದು,
ಕಣ್ಣು ಮಂಜಾಗಿ ಬಿಟ್ಟವರದು,
ಸೊಸೆಗೆ ಬೇಡವಾದದ್ದು.

ಬಾಬಿನ್ ಕೇಸಿಗೆಂದು ಹೋಗಿದ್ದೆ.
ಹೊಸದು ಎರಡೇ ತಿಂಗಳಿಗೆ ದಾರ ನುಂಗುತ್ತದೆ;
ಹಳೆಯದು ಟಕ್ಕೆಂದು ಕೂರುತ್ತದೆ,
ಮಾತು ಕೊಟ್ಟ ಹಾಗೆ.

ಬಾಬಾಜಾನ್ ಬಿಸ್ಕತ್ತಿನ ಡಬ್ಬವೊಂದನ್ನು ತಳ್ಳಿದ.
"ರುಕುಮಾಬಾಯಿದು. ಮಗ ಮನೆ ಖಾಲಿ ಮಾಡಿದ."
ಅಲ್ಲಾಡಿಸಿದೆ. ಹುರುಳಿ ಹೊರಳಿದ ಸದ್ದು.
ಗುಂಡಿ, ಹುಕ್ಕು, ಸವೆದ ಸೋಪಿನ ಬಿಲ್ಲೆ,
ನನ್ನ ಬೆರಳಿಗೆ ಕೊಂಚ ದೊಡ್ಡದಾದ ಅಂಗುಸ್ತಾನ,
ಒಂದು ಟೇಪು: ಮೊದಲ ನಾಲ್ಕು ಇಂಚು ಹರಿದುಹೋಗಿ
ನಾಲ್ಕರಿಂದ ಶುರು.
ಡಬ್ಬದಡಿಗೆ ಬೊಂತೆಗೆಂದು ಕತ್ತರಿಸಿಟ್ಟ ಚೌಕಗಳು,
ಪಂಚೆ, ಸ್ಕೂಲಿನ ನೀಲಿ,
ಯಾರದೋ ಮದುವೆ ರವಿಕೆಯ ಮಿಕ್ಕ ತುಂಡು.

ಕಬ್ಬಿಣಕ್ಕೊಂದು ದರ, ಬಟ್ಟೆಗೊಂದು.
ಸೂಜಿಯ ಪೊಟ್ಟಣ ಮೆಲ್ಲಗೆ ಪಕ್ಕಕ್ಕಿಟ್ಟೆ.
"ಸೂದಿ ಕೂಡಾ ಇನುಮೇ ಕದಮ್ಮಾ,"
ಸೂಜಿಯೂ ಕಬ್ಬಿಣವೇ ತಾನೇ ಎಂದು ನಕ್ಕು
ತಕ್ಕಡಿಗೆ ಹಾಕಿದ.
ಮುಳ್ಳು ಅಲುಗಲಿಲ್ಲ.
ಅಳತೆ ಪುಸ್ತಕ ರದ್ದಿಯ ಲೆಕ್ಕದಲ್ಲಿ ಎಂಟು ರೂಪಾಯಿ.

ರಾತ್ರಿ ಓದಿದೆ.
ಎದೆ, ಸೊಂಟ, ತೋಳು, ಬೆನ್ನಿನ ಇಳಿತ.
"ಐದು ತಿಂಗಳು. ಒಂದೂವರೆ ಇಂಚು ಒಳಗೆ ಬಿಡು."
"ತೋಳು ಮೊಣಕೈವರೆಗೆ, ಸುಟ್ಟ ಗುರುತಿದೆ."
"ಅತ್ತೆ ಕೇಳಿದರೆ ಕೂಲಿ ನಲವತ್ತು ಅನ್ನಬೇಕು."
ಯಾರ ಮೈಯೂ ಸಮ ಇರಲಿಲ್ಲ;
ನೀರು ಹೊತ್ತ ಕಡೆ ಭುಜ ಇಳಿದಿತ್ತು.

ಬಟ್ಲಹಳ್ಳಿ ಮುನಿರತ್ನಮ್ಮನ ಪುಟ:
ಮೂವತ್ತೆರಡು. ಮೂವತ್ತನಾಲ್ಕು. ಮೂವತ್ತಾರು.
ಆಮೇಲೆ ಎರಡು ವರ್ಷ ಖಾಲಿ.
ಆಮೇಲೆ ಪೆನ್ಸಿಲ್ಲಿನಲ್ಲಿ, ಸಣ್ಣಕ್ಷರದಲ್ಲಿ,
"ಎಡಗಡೆ ಹತ್ತಿ. ನಾಲ್ಕು ಪದರ. ಹೊಲಿಗೆ ಕಾಣಬಾರದು.
ಜನ ಇದ್ದರೆ ಟ್ರಯಲ್ ಕೇಳಬೇಡ."

ಪುಸ್ತಕ ಮುಚ್ಚಿದೆ.
ಎಂಟು ರೂಪಾಯಿಗೆ ಸಿಗಬಾರದ್ದು ಸಿಕ್ಕಿತ್ತು.
ಹಿಂದಕ್ಕೆ ಕೊಡೋಣವೆಂದರೆ
ಕೊಡುವುದು ಯಾರಿಗೆ.

ಆಷಾಢ ಕಳೆಯುವ ಹೊತ್ತಿಗೆ ಅವರೇ ಬಂದರು,
ಛತ್ರಿ, ಬಟ್ಟೆಯ ಚೀಲ, ನೆಟ್ಟಗಿನ ಬೆನ್ನು.
"ರುಕುಮಾಬಾಯಿ ಹೋದಳಂತೆ. ನೀನು ಹೊಲೀತೀಯಾ?"
ಹೆಸರು ಕೇಳಿದೆ, ಊರು ಕೇಳಿದೆ, ಬಾಯಿ ಒಣಗಿತು.
ಬೆಂಚಿನ ಮೇಲೆ ಇಬ್ಬರು ಹುಡುಗಿಯರು
ಸೀರೆಯ ಫಾಲ್ಸಿಗೆ ಕಾಯುತ್ತಿದ್ದರು.
"ಶುಕ್ರವಾರ ಬನ್ನಿ," ಅಂದೆ.
ಅವರು ಇನ್ನೂ ನಿಂತಿದ್ದರು,
ತೋಳು ಕೊಂಚ ಎತ್ತಿ, ಟೇಪಿಗಾಗಿ.

ಹತ್ತಿಯನ್ನು ಬೆರಳಲ್ಲಿ ಎಳೆದೆಳೆದು ಬಿಡಿಸಿದೆ.
ಮೈಗೆ ತಾಗುವ ಕಡೆ ಬೊಂತೆಯ ಚೌಕ,
ಒಗೆದೊಗೆದು ಮೆತ್ತಗಾದ ಪಂಚೆ.
ಅಂಗುಸ್ತಾನದೊಳಗೆ ಚಿಂದಿ ತುರುಕಿ
ಬೆರಳಿಗೆ ಹೊಂದಿಸಿಕೊಂಡಿದ್ದೆ.
ಸರಿಯೋ ತಪ್ಪೋ ಗೊತ್ತಿಲ್ಲ.
ಏನೂ ಅರಿಯದವಳ ಹಾಗೆ
ಜೋಲುವ ರವಿಕೆ ಕೊಟ್ಟಿದ್ದರೇ ಮರ್ಯಾದೆಯೇನೋ.

ಶುಕ್ರವಾರ ಪರದೆಯ ಹಿಂದೆ ಹೋದರು.
ಬಹಳ ಹೊತ್ತು ಸದ್ದಿಲ್ಲ.
ಮಿಷಿನ್ನಿನ ಮುಂದೆ ತುಳಿಯದೆ ಕೂತಿದ್ದೆ.
ಬಂದರು. ನೋಟು ಮಡಿಸಿ ಮೇಜಿನ ಮೇಲಿಟ್ಟು
ನನ್ನ ಮುಖ ಬಿಟ್ಟು ಕತ್ತರಿಯನ್ನು ನೋಡುತ್ತ ಅಂದರು,
"ನೀನು ಅಳತೇನೇ ತಗೊಳ್ಳಲಿಲ್ಲ."

"ಟೇಪು ಹಾಳಾಗಿದೆ," ಅಂದೆ,
"ನಾಲ್ಕರಿಂದ ಶುರುವಾಗುತ್ತೆ."

ಟೇಪನ್ನು ಕೈಗೆತ್ತಿಕೊಂಡರು.
ಹರಿದ ತುದಿಯನ್ನು ಹೆಬ್ಬೆರಳಲ್ಲಿ ಸವರಿ
"ಗೊತ್ತು," ಅಂದರು.
"ನಾಲ್ಕು ಕಳೀಬೇಕು."